ಕಬಿನಿ ದಂಡೆಯಿಂದ ಹೊರಟ ಕಾರು ನಮ್ಮೂರಲ್ಲಿ ಏಕೆ ನಿಲ್ಲುವುದಿಲ್ಲ?

ಕಬಿನಿ ಹಿನ್ನೀರಿನ ದಂಡೆಯ ರೆಸಾರ್ಟ್‌ಗಳಲ್ಲಿ ಎರಡು ರಾತ್ರಿ ಉಳಿದವರಿಗೆ ಮೂರನೇ ದಿನ ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಹುಲಿ ನೋಡಿ ಆಯಿತು, ಅಥವಾ ಹುಲಿ ಕಾಣದೆ ಬೇಸರವಾಯಿತು. ಆಗ ಕೈಗೆ ಬರುವುದು ಒಂದು ದಿನದ ಪ್ರವಾಸದ ಪಟ್ಟಿ. ಬೆಳಿಗ್ಗೆ ತಿಂಡಿ ಮುಗಿಸಿ ಎ.ಸಿ. ಕಾರು ಹತ್ತಿದರೆ ಸೋಮನಾಥಪುರ, ತಲಕಾಡು, ಹೊತ್ತಿದ್ದರೆ ಶ್ರೀರಂಗಪಟ್ಟಣ. ಜೊತೆಗೊಬ್ಬ ಗೈಡ್. ಸಂಜೆ ವಾಪಸ್.

ಕಾರಾಪುರದಿಂದ ಹೊರಟ ಆ ಕಾರು ಅಂತರಸಂತೆ, ಹ್ಯಾಂಡ್‌ಪೋಸ್ಟ್, ಹಂಪಾಪುರ ದಾಟಿ ಮೈಸೂರಿನ ಕಡೆ ಓಡುತ್ತದೆ. ಸೋಮನಾಥಪುರ ಮುಟ್ಟಲು ಹೆಚ್ಚುಕಡಿಮೆ 100 ಕಿಲೋಮೀಟರ್. ಅಷ್ಟು ದೂರ ಹೋಗಿ ಅವರು ನೋಡುವುದು 'ಹಳೆಯ ಕಾಲ'ವನ್ನು. ಹೋಗುವ ದಾರಿಯ ಎರಡೂ ಬದಿಯಲ್ಲಿ ಇರುವವರು ನಾವು. ನಮಗೆ ಹಳೆಯ ಕಾಲವೇ ಇಲ್ಲ ಎಂಬಂತೆ ಕಾರು ಹೋಗುತ್ತದೆ.

ಸೋಮನಾಥಪುರದ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. 13ನೇ ಶತಮಾನದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯ ಅದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನೋಡಲೇಬೇಕಾದ ಜಾಗ. ನಮ್ಮ ತಕರಾರು ಪಟ್ಟಿಯ ಬಗ್ಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಕಾಡು, ಹೊಗೆಸೊಪ್ಪು, ನಾಲೆ ಬಿಟ್ಟರೆ ಬೇರೇನೂ ಇಲ್ಲ ಎಂದು ತೀರ್ಮಾನಿಸಿದವರು ಯಾರು? ನಮ್ಮನ್ನು ಕೇಳಿ ತೀರ್ಮಾನಿಸಿದರೇ?

ನೀರಿನ ಕೆಳಗಿನ ರಾಜಧಾನಿ

ಮೊದಲು ರೆಸಾರ್ಟ್‌ನ ಹುಲ್ಲುಹಾಸಿನಿಂದಲೇ ಶುರು ಮಾಡೋಣ. ಸಂಜೆ ಕುರ್ಚಿ ಹಾಕಿಕೊಂಡು ಸೂರ್ಯ ಮುಳುಗುವುದನ್ನು ನೋಡುತ್ತಾರಲ್ಲ, ಆ ನೀರು ಕೆರೆಯೂ ಅಲ್ಲ, ಸಮುದ್ರವೂ ಅಲ್ಲ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರು. ಅದರೊಳಗೆ ಊರುಗಳಿವೆ. ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಇವತ್ತೂ ಇದೇ ತಾಲ್ಲೂಕಿನಲ್ಲಿ ಇದ್ದಾರೆ.

ಆ ಊರುಗಳಲ್ಲಿ ಒಂದು ಕಿತ್ತೂರು. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಪುನ್ನಾಟ ಎಂದರೆ ಸಣ್ಣ ಹೆಸರಲ್ಲ. ಕ್ರಿಸ್ತಶಕ 2ನೇ ಶತಮಾನದಲ್ಲಿ ಭೂಗೋಳ ಬರೆದ ಟಾಲೆಮಿ 'ಪೌನ್ನಾಟ' ಎಂದು ಬರೆದು, ಅಲ್ಲಿ ಬೆರಿಲ್ ಹರಳು ಸಿಗುತ್ತದೆ ಎಂದು ಸೇರಿಸಿದ್ದಾನೆ. ಅಂದರೆ ನಮ್ಮ ಸೀಮೆಯ ಕಲ್ಲಿನ ಸುದ್ದಿ ಆ ಕಾಲಕ್ಕೇ ಸಮುದ್ರ ದಾಟಿತ್ತು. ಮುಂದೆ ಪುನ್ನಾಟದ ರಾಜ ಸ್ಕಂದವರ್ಮನ ಮಗಳು ಗಂಗರ ಅವಿನೀತನನ್ನು ಮದುವೆಯಾದಳು. ಅವರ ಮಗ ದುರ್ವಿನೀತ. ಕವಿರಾಜಮಾರ್ಗ ಹೆಸರಿಸುವ ಕನ್ನಡದ ಮೊದಮೊದಲ ಗದ್ಯಕಾರರಲ್ಲಿ ಒಬ್ಬ ದುರ್ವಿನೀತ ಇದ್ದಾನೆ. ಇದೇ ರಾಜ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕನ್ನಡದಲ್ಲಿ ಬರೆದವರ ಮೊದಲ ಸಾಲಿನಲ್ಲಿ ನಿಂತವನ ತಾಯಿಯ ತವರು ಈ ಕಬಿನಿ ಸೀಮೆ.

ಇದನ್ನು ಹೇಳಲು ಕಾರು ಬೇಡ, ಡೀಸೆಲ್ ಬೇಡ, ಟಿಕೆಟ್ ಬೇಡ. ಕುರ್ಚಿಯಲ್ಲಿ ಕೂತವರಿಗೆ ಬೆರಳು ತೋರಿಸಿ ಹೇಳಿದರೆ ಸಾಕು. ಹತ್ತು ನಿಮಿಷದ ಮಾತು. ಆ ಮಾತಾಡಲು ಒಬ್ಬ ಸ್ಥಳೀಯ ಹುಡುಗಿಗೆ ಸಂಬಳ ಕೊಟ್ಟರೆ ಯಾವ ರೆಸಾರ್ಟ್ ಮುಳುಗುತ್ತದೆ?

ತಲಕಾಡಿಗೆ ಹೋಗುವವರು ಬೆಳತೂರಿನ ಕಥೆ ಕೇಳಲಿ

ತಲಕಾಡಿನಲ್ಲಿ ಏನು ಹೇಳುತ್ತಾರೆ? ಮರಳು, ಶಾಪ, ಪಂಚಲಿಂಗ. ಸ್ವಲ್ಪ ಓದಿದ ಗೈಡ್ ಆದರೆ ಗಂಗರು, ಚೋಳರು, ಆಮೇಲೆ ಚೋಳರನ್ನು ಸೋಲಿಸಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ ವಿಷ್ಣುವರ್ಧನ. ಎಲ್ಲವೂ ರಾಜರ ಕಥೆ.

ಅದೇ ತಲಕಾಡಿಗೆ ನಮ್ಮ ಹೆಗ್ಗಡದೇವನಕೋಟೆ ಸೀಮೆಯಿಂದ ಹೋದ ಇನ್ನೊಂದು ಕಥೆ ಇದೆ. ಅದು ಬೆಳತೂರಿನ ಶಾಸನದಲ್ಲಿದೆ. ಕಾಲ 1057. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಗಂಡ ನವಿಲೆನಾಡಿನ ಏಚ. ಮಲ್ಲಯುದ್ಧದಲ್ಲಿ ಏಚನ ಕೈಯಲ್ಲಿ ಒಬ್ಬ ಸತ್ತ. ಅದಕ್ಕಾಗಿ ರಾಜಾಜ್ಞೆಯಂತೆ ತಲಕಾಡಿನಲ್ಲಿ ಏಚನ ಪ್ರಾಣ ತೆಗೆದರು. ಸುದ್ದಿ ಊರಿಗೆ ಬಂತು. ದೇಕಬ್ಬೆ ಬೆಂಕಿಗೆ ಬೀಳುತ್ತೇನೆಂದಳು. ಹೆತ್ತವರು ಬೇಡವೆಂದು ಗೋಗರೆದರು. ಅವಳು ಕೇಳಲಿಲ್ಲ. ದಾನ ಕೊಟ್ಟು ಬೆಂಕಿ ಹೊಕ್ಕಳು.

ಸಹಗಮನವನ್ನು ಹೊಗಳುವ ಕಾಲ ಹೋಯಿತು, ಹೋಗಲೇಬೇಕಿತ್ತು. ಈ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯಿರಿ ಎಂದು ನಾವು ಹೇಳುತ್ತಿಲ್ಲ. ಆದರೆ ಸುಮಾರು ಸಾವಿರ ವರ್ಷದ ಹಿಂದೆ, ನಮ್ಮದೇ ನುಗು ಹೊಳೆಯ ಹೆಸರು ಹೊತ್ತ ನಾಡಿನಲ್ಲಿ, ಒಬ್ಬ ಹೆಣ್ಣುಮಗಳ ಹೆಸರು, ಅವಳ ಅಪ್ಪನ ಹೆಸರು, ಮನೆಯವರ ಅಳು, ರಾಜನ ಶಿಕ್ಷೆ ಎಲ್ಲವನ್ನೂ ಕನ್ನಡ ಪದ್ಯದಲ್ಲಿ ಕಲ್ಲಿಗೆ ಕೊರೆದಿದ್ದಾರೆ. ಕನ್ನಡ ಎಂ.ಎ. ಓದುವವರು ಇದನ್ನು ಪಾಠವಾಗಿ ಓದುತ್ತಾರೆ. ಬೆಂಗಳೂರಿನಲ್ಲಿ ಇದರ ಬಗ್ಗೆ ಉಪನ್ಯಾಸ ನಡೆದರೆ ಚಪ್ಪಾಳೆ ಬೀಳುತ್ತದೆ. ಅದೇ ಕಲ್ಲಿನ ತಾಲ್ಲೂಕಿನಲ್ಲಿ ಹತ್ತನೇ ತರಗತಿ ಮಗುವನ್ನು ದೇಕಬ್ಬೆ ಯಾರು ಎಂದು ಕೇಳಿ ನೋಡಿ.

ಮಾಹಿತಿ ಸಿಗುವುದಿಲ್ಲ ಎಂಬ ನೆಪವೂ ನಡೆಯುವುದಿಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟ ಹೊರತಂದದ್ದು 1898ರಲ್ಲಿ. ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಊರೂರು ತಿರುಗಿ, ಕಲ್ಲು ಒರೆಸಿ, ಅಕ್ಷರ ತೆಗೆದು ಅಚ್ಚು ಹಾಕಿ 125 ವರ್ಷ ದಾಟಿತು. ಅದನ್ನು ಊರಿಗೆ ವಾಪಸ್ ತರುವ ಕೆಲಸ ಮಾತ್ರ ಇನ್ನೂ ಬಾಕಿ.

ಹನಸೋಗೆ, ಬೆಟ್ಟದಪುರ, ಕಲ್ಲಹಳ್ಳಿ

ಹಳೆಯ ಕೆ.ಆರ್. ನಗರ ತಾಲ್ಲೂಕಿನ ಚಿಕ್ಕಹನಸೋಗೆಗೆ ಬನ್ನಿ. ಶಾಸನಗಳಲ್ಲಿ ಇದು ಪನಸೋಗೆ. ಒಂದು ಕಾಲಕ್ಕೆ ಜೈನರ ದೊಡ್ಡ ಕೇಂದ್ರ. ಇಲ್ಲಿನ ಮುನಿಗಳ ಪರಂಪರೆಗೆ 'ಹನಸೋಗೆ ಬಳಿ' ಎಂದೇ ಹೆಸರು. ಇಲ್ಲಿ 64 ಬಸದಿಗಳಿದ್ದವೆಂದು, ಅವನ್ನು ದಶರಥನ ಮಗ ರಾಮನೇ ಮಾಡಿಸಿದನೆಂದು ಶಾಸನ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. 11ನೇ ಶತಮಾನದಲ್ಲಿ ಚೆಂಗಾಳ್ವ ದೊರೆ ಬಸದಿಯನ್ನು ಮತ್ತೆ ಕಟ್ಟಿಸಿದ. ಅವನ ಹೆಸರು ರಾಜೇಂದ್ರಚೋಳ ನನ್ನಿ ಚೆಂಗಾಳ್ವ. ಹೆಸರಿನಲ್ಲೇ ರಾಜಕೀಯ ಇದೆ ನೋಡಿ: ಮೇಲೆ ಚೋಳ ಚಕ್ರವರ್ತಿಯ ಹೆಸರು, ಕೆಳಗೆ ನಮ್ಮ ಸೀಮೆಯ ಪಾಳೆಯಗಾರ. ಜೈನ ಬಸದಿಗೆ ರಾಮನ ಹೆಸರು, ಕನ್ನಡ ದೊರೆಗೆ ತಮಿಳು ಚಕ್ರವರ್ತಿಯ ಹೆಸರು. ಧರ್ಮ, ಭಾಷೆಯ ಹೆಸರಲ್ಲಿ ಕಿತ್ತಾಡುವ ಇವತ್ತಿನ ಮೊಬೈಲ್ ಜಗಳಗಳಿಗೆ ಈ ಒಂದು ಬಸದಿ ಸಾಕಷ್ಟು ಉತ್ತರ ಕೊಡುತ್ತದೆ.

ಅಲ್ಲೇ ಸೀಮೆಯ ಸಾಲಿಗ್ರಾಮಕ್ಕೆ ರಾಮಾನುಜಾಚಾರ್ಯರು ಬಂದಿದ್ದರೆಂದು, ಅವರ ಶಿಷ್ಯ ವಡುಗನಂಬಿ ಆ ಊರಿನವನೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಇತ್ತ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಮೆಟ್ಟಿಲು ಹತ್ತಿದರೆ ಸಿಡಿಲು ಮಲ್ಲಿಕಾರ್ಜುನ. ಚೆಂಗಾಳ್ವರು ಮೊದಲು ಜೈನರು, ಆಮೇಲೆ ವೀರಶೈವರು. ಆ ಬೆಟ್ಟದ ಮಲ್ಲಿಕಾರ್ಜುನನೇ ಅವರ ಮನೆದೇವರು. ಪಿರಿಯಾಪಟ್ಟಣದ ಕೋಟೆಯೂ ಅವರದೇ. 17ನೇ ಶತಮಾನದಲ್ಲಿ ಮೈಸೂರು ಒಡೆಯರ ಸೈನ್ಯ ಅದನ್ನು ಗೆದ್ದ ಮೇಲೆ ಆ ವಂಶದ ಆಳ್ವಿಕೆ ಮುಗಿಯಿತು. ಮೈಸೂರು ಅರಮನೆಯ ದೀಪ ನೋಡಲು ಲಕ್ಷಾಂತರ ಜನ ಬರುತ್ತಾರೆ. ಅರಮನೆ ಬೆಳೆಯಲು ಸೋತವರ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ.

ಹುಣಸೂರಿನ ಪಾಲಿಗೆ ಏನಿದೆ ಎನ್ನುವವರಿಗೆ ಕಲ್ಲಹಳ್ಳಿ ಇದೆ. ದೇವರಾಜ ಅರಸರ ಊರು ಎಂದು ಎಲ್ಲರಿಗೂ ಗೊತ್ತು. ಅರಸರಿಗಿಂತ ನಾಲ್ಕು ಶತಮಾನ ಮೊದಲು ಅದೇ ಕಲ್ಲಹಳ್ಳಿಯ ಪ್ರಭು 3ನೇ ಮಂಗರಸ. 16ನೇ ಶತಮಾನದ ಆರಂಭದ ಜೈನ ಕವಿ. ಆರು ಕೃತಿ ಬರೆದ. ಅದರಲ್ಲಿ ಒಂದು 'ಸೂಪಶಾಸ್ತ್ರ'. ಅಡುಗೆ ಪುಸ್ತಕ, ಅದೂ ಷಟ್ಪದಿಯಲ್ಲಿ! ಹಿಟ್ಟಿನ ತಿಂಡಿಗಳಿಗೆ, ಪಾನಕಗಳಿಗೆ, ಅನ್ನಕ್ಕೆ ಬೇರೆ ಬೇರೆ ಅಧ್ಯಾಯ. ಬದನೆಕಾಯಿಗೇ ಒಂದು ಅಧ್ಯಾಯ.

ಈಗ ರೆಸಾರ್ಟ್‌ನ ಊಟದ ಮನೆ ನೆನೆಸಿಕೊಳ್ಳಿ. ಪಾಸ್ತಾ ಇದೆ, ಪನೀರ್ ಬಟರ್ ಮಸಾಲ ಇದೆ. 'ಸ್ಥಳೀಯ ರುಚಿ' ಎಂಬ ಚೀಟಿಯ ಕೆಳಗೆ ರಾಗಿಮುದ್ದೆ ಗೋಲಿ ಗಾತ್ರದಲ್ಲಿ ಕೂತಿರುತ್ತದೆ. ಐದು ನೂರು ವರ್ಷದ ಹಿಂದಿನ ಕನ್ನಡ ಅಡುಗೆ ಪುಸ್ತಕ ಬರೆದವನ ಊರು ಪಕ್ಕದ ತಾಲ್ಲೂಕಿನಲ್ಲಿದೆ ಎಂದು ಆ ಅಡುಗೆಮನೆಗೆ ಯಾರಾದರೂ ಹೇಳಬೇಡವೇ?

'ಅಲ್ಲೇನಿದೆ ಸ್ವಾಮಿ, ಮುರಿದ ಕಲ್ಲು' ಎನ್ನುವವರಿಗೆ

ಮೊದಲ ಮಾತು: ನಿಮ್ಮಲ್ಲಿರುವುದು ಸಣ್ಣ ಗುಡಿ, ಪಾಳುಗೋಡೆ, ಇದನ್ನು ನೋಡಲು ಯಾರು ಬರುತ್ತಾರೆ ಎನ್ನುತ್ತಾರೆ. ಕಾಣುತ್ತದೋ ಇಲ್ಲವೋ ಗೊತ್ತಿಲ್ಲದ ಹುಲಿಗಾಗಿ ಮೂರು ಗಂಟೆ ಜೀಪಿನಲ್ಲಿ ಕೂತು ಪೊದೆ ನೋಡುವ ಜನ, ಒಳ್ಳೆಯ ಕಥೆ ಇದ್ದರೆ ಅರ್ಧ ಗಂಟೆ ಕಲ್ಲು ನೋಡಲಾರರೇ? ಸಫಾರಿಯಲ್ಲಿ ನಡೆಯುವುದೂ ಇದೇ. ಮಣ್ಣಿನ ಮೇಲಿನ ಹೆಜ್ಜೆ ತೋರಿಸಿ, ಇಲ್ಲಿ ರಾತ್ರಿ ಏನು ನಡೆಯಿತು ಎಂದು ಹೇಳುವವನು ನಮ್ಮ ಹುಡುಗನೇ. ಹೆಜ್ಜೆ ಓದುವ ಹುಡುಗನಿಗೆ ವೀರಗಲ್ಲು ಓದಲು ಕಲಿಸುವುದು ಕಷ್ಟವೇ?

ಎರಡನೇ ಮಾತು: ರಸ್ತೆ ಇಲ್ಲ, ಶೌಚಾಲಯ ಇಲ್ಲ. ಇದು ನಿಜ. ಆದರೆ ಶೌಚಾಲಯ ಗೆಸ್ಟ್‌ಗಳು ಬರುತ್ತಾರೆಂದು ಕಟ್ಟಬೇಕಾದದ್ದಲ್ಲ. ಜಾತ್ರೆಗೆ ಬರುವ ನಮ್ಮ ಹೆಣ್ಣುಮಕ್ಕಳಿಗೆ ಅದು ಯಾವತ್ತೋ ಬೇಕಿತ್ತು.

ಮೂರನೇ ಮಾತು ಹೆಚ್ಚು ತೂಕದ್ದು. ಪ್ರವಾಸಿಗರು ಬಂದರೆ ಊರು ಹಾಳಾಗುತ್ತದೆ. ಪ್ಲಾಸ್ಟಿಕ್ ಬೀಳುತ್ತದೆ, ಡ್ರೋನ್ ಹಾರುತ್ತದೆ, ಜಮೀನಿನ ಬೆಲೆ ಏರಿ ರೈತನ ಕೈ ತಪ್ಪುತ್ತದೆ. ಕಬಿನಿ ದಂಡೆಯಲ್ಲಿ ಇದನ್ನೆಲ್ಲ ಕಣ್ಣಾರೆ ಕಂಡವರು ಹೀಗೆ ಹೇಳಿದರೆ ತಪ್ಪೇನಿಲ್ಲ. ಆದ್ದರಿಂದಲೇ ನಾವು 'ಬನ್ನಿ ಬನ್ನಿ' ಎಂದು ಬಾಗಿಲು ತೆರೆದು ಕೂರುವ ಪರವಾಗಿಲ್ಲ. ಷರತ್ತು ಹಾಕಿ ಕರೆಯೋಣ. ಷರತ್ತು ಹಾಕುವ ಹಕ್ಕು ನಮಗಿದೆ. ನಾಗರಹೊಳೆಯ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಕಂಪನಿಗೆ ಕಾಡಿನೊಳಗೆ ಜಾಗ ಕೊಟ್ಟಾಗ ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದಿತು. ಹಣವಂತರ ಎದುರು ನಮ್ಮ ಮಾತು ನಡೆಯುವುದಿಲ್ಲ ಎನ್ನುವವರು ಮೂರ್ಕಲ್ ನೆನಪಿಡಲಿ.

ಆದಿವಾಸಿಗಳ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಊರಿನ ಇತಿಹಾಸಕ್ಕೆ ಜಾಗವಿಲ್ಲದ ಪಟ್ಟಿಗಳಲ್ಲಿ 'ಹಾಡಿ ಭೇಟಿ'ಗೆ, ಬೆಂಕಿ ಸುತ್ತ ಕುಣಿತಕ್ಕೆ ಮಾತ್ರ ಜಾಗ ಸಿಗುತ್ತದೆ. ಜೇನುಕುರುಬರು, ಬೆಟ್ಟಕುರುಬರು ನೋಡುವ ವಸ್ತುವಲ್ಲ. ಕಾಡಿನಿಂದ ಎಬ್ಬಿಸಿದ ಜನರ ಮನೆ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವುದು ಪ್ರವಾಸವೂ ಅಲ್ಲ, ಪರಂಪರೆಯೂ ಅಲ್ಲ. ಅವರ ಕಥೆ ಹೇಳಬೇಕಿದ್ದರೆ ಅವರೇ ಹೇಳಲಿ, ಅವರು ಹೇಳಿದ ದರಕ್ಕೆ, ಅವರು ಒಪ್ಪಿದ ದಿನ. ಬೇಡ ಎಂದರೆ ಅದೂ ಉತ್ತರವೇ.

ಪಕ್ಕದಲ್ಲೇ ಇರುವ ಪಾಠ

ಮೈಸೂರಿನಿಂದ ಕೊಡಗಿಗೆ ಹೋಗುವ ಕಾರುಗಳು ಹುಣಸೂರು, ಪಿರಿಯಾಪಟ್ಟಣ ದಾಟಿ ನಿಲ್ಲುವುದು ಬೈಲುಕುಪ್ಪೆಯಲ್ಲಿ. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಎಲ್ಲ ಕಳೆದುಕೊಂಡು ಬಂದವರು ಕಾಡು ಕಡಿದು ಊರು ಕಟ್ಟಿದರು. ನಾಮ್‌ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ. ಇವತ್ತು ನಾವೆಲ್ಲ 'ಗೋಲ್ಡನ್ ಟೆಂಪಲ್' ಎನ್ನುವ ಅದು ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇದೆ.

ಅಲ್ಲಿ ಗಮನಿಸಬೇಕಾದದ್ದು ಚಿನ್ನದ ಬಣ್ಣವನ್ನಲ್ಲ. ಮಠ ಮೊದಲು ಅವರಿಗಾಗಿ ನಡೆಯುತ್ತದೆ. ಅವರ ಮಕ್ಕಳು ಅಲ್ಲಿ ಓದುತ್ತಾರೆ, ಅವರ ಪೂಜೆ ನಡೆಯುತ್ತದೆ. ಬಂದವರು ಅವರ ನಿಯಮದಂತೆ ಚಪ್ಪಲಿ ಬಿಟ್ಟು, ಸದ್ದು ಮಾಡದೆ ನೋಡಿ ಹೋಗುತ್ತಾರೆ. ತಮ್ಮದನ್ನು ತಾವು ಮೊದಲು ಮರ್ಯಾದೆಯಿಂದ ಇಟ್ಟುಕೊಂಡರು. ಆಮೇಲೆ ಲೋಕ ಬಂತು. ಆರು ದಶಕದ ಊರಿಗೆ ಸಾಧ್ಯವಾದದ್ದು ಅದೇ ತಾಲ್ಲೂಕಿನ ಶತಮಾನಗಳ ಕೋಟೆಗೆ ಸಾಧ್ಯವಾಗಲಿಲ್ಲ ಎಂದರೆ ತಪ್ಪು ಕೋಟೆಯದ್ದಲ್ಲ.

ಊರಿನವರ ಪಾಲೂ ಇಲ್ಲಿದೆ, ಮುಚ್ಚಿಡುವುದು ಬೇಡ. ವೀರಗಲ್ಲನ್ನು ಚರಂಡಿಗೆ ಹಾಸುಗಲ್ಲು ಮಾಡುವುದು, ಶಾಸನದ ಮೇಲೆ ಸುಣ್ಣ ಬಳಿಯುವುದು, ಜೀರ್ಣೋದ್ಧಾರದ ಹೆಸರಲ್ಲಿ ಹಳೆಯ ಕಂಬಕ್ಕೆ ಎನಾಮಲ್ ಪೇಂಟ್ ಹೊಡೆಯುವುದು, ನಿಧಿ ಆಸೆಗೆ ರಾತ್ರಿ ಗುಡಿ ಅಗೆಯುವುದು. ಇದನ್ನೆಲ್ಲ ಮಾಡಿದ್ದು ರೆಸಾರ್ಟ್‌ನವರಲ್ಲ.

ಇಲಾಖೆಗಳೂ ಕಮ್ಮಿಯಿಲ್ಲ. ಸಂರಕ್ಷಿತ ಸ್ಮಾರಕದ ನೀಲಿ ಬೋರ್ಡ್ ನೋಡಿದ್ದೀರಲ್ಲ? ಹಾಳು ಮಾಡಿದರೆ ಎಷ್ಟು ಜೈಲು, ಎಷ್ಟು ದಂಡ ಎಂದು ಬರೆದಿರುತ್ತದೆ. ಇದು ಏನು, ಯಾರು ಕಟ್ಟಿಸಿದರು, ಯಾವಾಗ ಎಂದು ಹೇಳುವ ಬೋರ್ಡ್‌ಗೆ ಹುಡುಕಬೇಕು. ಹೆದರಿಸುವ ಬೋರ್ಡ್‌ಗೆ ದುಡ್ಡಿದೆ, ಹೇಳುವ ಬೋರ್ಡ್‌ಗೆ ಇಲ್ಲ.

ಆಗಬೇಕಾದದ್ದು

ಒಂದು, ಗ್ರಾಮಸಭೆ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತಿ. ನಮ್ಮ ಪಂಚಾಯಿತಿಯಲ್ಲಿ ಎಷ್ಟು ವೀರಗಲ್ಲು, ಮಾಸ್ತಿಗಲ್ಲು, ಶಾಸನ, ಹಳೇ ಗುಡಿ, ಕಲ್ಯಾಣಿ ಇವೆ? ಪಟ್ಟಿ ಮಾಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದು, ಸರ್ವೆ ನಂಬರ್ ಸಮೇತ ನಡಾವಳಿಯಲ್ಲಿ ಬರೆಸಿ. ಪಟ್ಟಿಯಲ್ಲಿ ಇರುವುದನ್ನು ಕದಿಯುವುದು ಕಷ್ಟ.

ಎರಡು, ಗೈಡ್‌ಗಳು. ಪ್ರವಾಸೋದ್ಯಮ ಇಲಾಖೆ ಹೋಬಳಿಗೆ ಇಬ್ಬರಂತೆ ನಮ್ಮ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡಲಿ. ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ ಹತ್ತುವವರಲ್ಲಿ ನಾಲ್ಕು ಜನ ಆದರೂ ಊರಲ್ಲಿ ಉಳಿಯುತ್ತಾರೆ.

ಮೂರು, ರೆಸಾರ್ಟ್‌ಗಳು. ಹೋಗಿಬರಲು 200 ಕಿಲೋಮೀಟರ್ ಆಗುವ ಪ್ರವಾಸ ಇರಲಿ, ಅದರ ಪಕ್ಕದಲ್ಲಿ ತಾಲ್ಲೂಕಿನೊಳಗಿನ ಅರ್ಧ ದಿನದ ಪ್ರವಾಸವನ್ನೂ ಹಾಕಿ. ಗೈಡ್ ಆ ಊರಿನವರೇ ಆಗಲಿ. ಅವರ ದುಡ್ಡು ಬಿಲ್‌ನಲ್ಲಿ ಬೇರೆಯಾಗಿ ಕಾಣಲಿ, ಅವರ ಕೈಗೇ ಹೋಗಲಿ. ನಮ್ಮ ನೀರು, ನಮ್ಮ ಕಾಡು, ನಮ್ಮ ದಾರಿ ಬಳಸುವವರಿಗೆ ಇದು ದಾನವಲ್ಲ, ಬಾಕಿ.

ನಾಲ್ಕು, ಶಾಲೆಗಳು. ಇದು ಕೊನೆಯಲ್ಲಿ ಬಂದರೂ ಮೊದಲು ಆಗಬೇಕಾದದ್ದು. ಶಾಲಾ ಪ್ರವಾಸ ಎಂದರೆ ಮೈಸೂರು ಮೃಗಾಲಯ, ಕೆ.ಆರ್.ಎಸ್. ಎಂದು ಹೊರಡುತ್ತೇವೆ. ಸಾಲ ಮಾಡಿ ದುಡ್ಡು ಕಟ್ಟುವ ಅಪ್ಪ ಅಮ್ಮಂದಿರಿದ್ದಾರೆ. ವರ್ಷಕ್ಕೆ ಒಂದು ದಿನ ಬುತ್ತಿ ಕಟ್ಟಿಕೊಂಡು ಹನಸೋಗೆಗೆ, ಬೆಟ್ಟದಪುರಕ್ಕೆ, ಪಿರಿಯಾಪಟ್ಟಣದ ಕೋಟೆಗೆ, ಬೆಳತೂರಿಗೆ ಮಕ್ಕಳನ್ನು ಕರೆದೊಯ್ಯಲು ಬಸ್ ಚಾರ್ಜ್ ಸಾಕು.

ನಮ್ಮ ಮಕ್ಕಳು ನೋಡದ ಕಲ್ಲನ್ನು ಹೊರಗಿನವರು ಮಾತ್ರ ದುಡ್ಡು ಕೊಟ್ಟು ನೋಡಿದರೆ ಅದು ಇನ್ನೊಂದು ಸಫಾರಿ ಆಗುತ್ತದೆ, ಅಷ್ಟೇ. ಮೊದಲು ನಮ್ಮ ಮಕ್ಕಳಿಗೆ ಗೊತ್ತಾಗಲಿ. ಆಮೇಲೆ ಹ್ಯಾಂಡ್‌ಪೋಸ್ಟ್‌ನಲ್ಲಿ ಆ ಕಾರಿಗೆ ಕೈ ಅಡ್ಡ ಹಾಕೋಣ. ನಿಲ್ಲಿಸಿ, ಇಳಿಯಿರಿ, ನಮಗೂ ಒಂದು ಕಥೆ ಇದೆ ಎಂದು ಹೇಳೋಣ. ಹೇಳುವವರು ನಮ್ಮವರೇ ಇರಲಿ, ಸಂಬಳ ತಗೊಂಡೇ ಹೇಳಲಿ.